ಶಿವಬಸಮ್ಮ ಹೇಳಿದ ಮೇಲೆ

ತೆಲುಗು ಗಡಿಯ ಗದ್ವಾಲದಲ್ಲಿ ಸಿದ್ದಪ್ಪನ ಬಿಲ್ಡಿಂಗ್ ಎಲ್ಲಿ ಎಂದು ಕೇಳಿ ನೋಡಿ, ಜನ ತಲೆ ಕೆರೆದುಕೊಳ್ಳುತ್ತಾರೆ. ಶಿವಬಸಮ್ಮನ ಬಿಲ್ಡಿಂಗ್ ಎಂದು ಕೇಳಿ, ಪಾನ್ ಡಬ್ಬಿಯವನು ಸುಣ್ಣ ಹಚ್ಚುತ್ತಿದ್ದ ಕೈಯಲ್ಲೇ ದಾರಿ ತೋರಿಸುತ್ತಾನೆ. ಹಾಗೆಂದು ಆ ಕಟ್ಟಡದ ಒಂದು ಇಟ್ಟಿಗೆಯೂ ಶಿವಬಸಮ್ಮನದಲ್ಲ. ಅವಳೂ ಎಲ್ಲರಂತೆ ಬಾಡಿಗೆಗೆ ಇರುವವಳು. ಆದರೆ ಬಾಡಿಗೆಯವಳ ಹಾಗೆ ಅವಳು ನಡೆದುಕೊಂಡದ್ದನ್ನು ಯಾರೂ ನೋಡಿಲ್ಲ.

ಕೋಟೆಯ ಕಡೆ ಹೋಗುವ ರಸ್ತೆಯಲ್ಲಿರುವ ಮೂರು ಅಂತಸ್ತಿನ ಹಳೆಯ ಕಟ್ಟಡ ಅದು. ಕೆಳಗೆ ಸಾಲಾಗಿ ಶಟರ್‌ಗಳು: ಒಂದು ಮೆಡಿಕಲ್ ಶಾಪು, ಒಂದು ಶ್ರೀನುವಿನ ಮೊಬೈಲ್ ರಿಪೇರಿ ಅಂಗಡಿ, ಮೂಲೆಯದು ಶಿವಬಸಮ್ಮ ಸೀರೆಗೆ ಫಾಲ್-ಪಿಕೋ ಹೊಲಿಯುವ ಅಂಗಡಿ. ನಡುವಿನ ಅಂತಸ್ತಿನಲ್ಲಿ ಒಂದೇ ವರಾಂಡಕ್ಕೆ ಬಾಗಿಲು ತೆರೆಯುವ ಎರಡು ಮನೆ, ಒಂದರಲ್ಲಿ ಶಿವಬಸಮ್ಮನ ವಾಸ. ಅದರ ಮೇಲೆ ಒಬ್ಬ ವಕೀಲರ ಆಫೀಸು, ಪಕ್ಕದಲ್ಲಿ ಕಾಲೇಜು ಹುಡುಗರ ರೂಮು. ವಕೀಲರ ಬೋರ್ಡು ದಿನಾ ಇರುತ್ತದೆ, ವಕೀಲರು ಇರುವುದಿಲ್ಲ. ಮೆಟ್ಟಿಲ ಗೋಡೆಗೆ ಸುಣ್ಣ ಬಳಿದು ಎಷ್ಟು ವರ್ಷವಾಯಿತೋ, ಅಂತೂ ಕೈ ಇಟ್ಟವರ ಕೈ ಈಗಲೂ ಬೆಳ್ಳಗಾಗುತ್ತದೆ.

ಶಿವಬಸಮ್ಮ ಹುಟ್ಟಿದ್ದು ನಾರ್ವದ ಹತ್ತಿರದ ಒಂದು ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ. ಮದುವೆಯಾಗಿ ಗದ್ವಾಲಕ್ಕೆ ಬಂದಳು. ಗಂಡ ಶರಣಬಸವ ಬಸ್ ಡಿಪೋದಲ್ಲಿ ಡ್ರೈವರು. ಅವನು ಮಾತು ಕಡಿಮೆಯ ಮನುಷ್ಯ, ಇವಳು ಇಬ್ಬರ ಪಾಲಿನದನ್ನೂ ಆಡುತ್ತಿದ್ದಳು. ಅವನು ತೀರಿಕೊಂಡ ಮೇಲೆ, ಮಗಳು ಐಶ್ವರ್ಯಳನ್ನು ನಾರಾಯಣಪೇಟೆಗೆ ಮದುವೆ ಮಾಡಿಕೊಟ್ಟ ಮೇಲೆ, ಮನೆಯಲ್ಲಿ ಆಡಿಸುವುದಕ್ಕೆ ಯಾರೂ ಉಳಿಯಲಿಲ್ಲ. ಆಗ ಬಿಲ್ಡಿಂಗ್ ಪೂರ್ತಿ ಅವಳ ಕೈಗೆ ಬಂತು. ಮಾಲಕ ಸಿದ್ದಪ್ಪ ವ್ಯಾಪಾರದ ಸಲುವಾಗಿ ರಾಯಚೂರಿನಲ್ಲೇ ನೆಲೆನಿಂತಿದ್ದ. ಅವನಿಗೂ ಗದ್ವಾಲಕ್ಕೆ ಬಂದು ಹೋಗುವ ಉಪದ್ವ್ಯಾಪ ಬೇಡವಾಗಿತ್ತು. ಏನಿದ್ದರೂ ಶಿವಬಸಮ್ಮನಿಗೆ ಒಂದು ಫೋನು ಮಾಡುತ್ತಿದ್ದ, ಕೆಲಸ ಆಗುತ್ತಿತ್ತು.

ನೀರಿನ ಮೋಟರ್ ಹಾಕುವವಳು ಅವಳು. ಗೇಟಿಗೆ ಅಡ್ಡ ನಿಲ್ಲಿಸಿದ ಬೈಕನ್ನು ತೆಗೆಸುವವಳು ಅವಳು. ಕಾಲೇಜು ಹುಡುಗರು ಪರೀಕ್ಷೆಯ ಹಿಂದಿನ ದಿನ ಹಾಡು ಹಚ್ಚಿದರೆ ಮೇಲೆ ಹೋಗಿ ಅವರ ಅಪ್ಪಂದಿರ ಪರವಾಗಿ ಬೈದು ಬರುವವಳೂ ಅವಳೇ. ಇಷ್ಟೆಲ್ಲ ಮಾಡುವುದಕ್ಕೆ ಅವಳಿಗೆ ಸಿಗುತ್ತಿದ್ದ ಸಂಬಳವೆಂದರೆ ಒಂದು ಮಾತು. 'ಶಿವಬಸಮ್ಮ ಹೇಳ್ಯಾಳ' ಎಂದರೆ ಆ ಬಿಲ್ಡಿಂಗಿನಲ್ಲಿ ಚರ್ಚೆ ಮುಗಿಯಿತು ಎಂದು ಅರ್ಥ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಕೇಳಿಸದವಳಂತೆ ಮುಖ ತಿರುಗಿಸುತ್ತಿದ್ದಳು, ಒಳಗೊಳಗೆ ಹಿಗ್ಗುತ್ತಿದ್ದಳು. ಸಿದ್ದಪ್ಪನ ಎದುರು ಅವಳಿಗೆ ಇನ್ನೊಂದು ಹೆಮ್ಮೆ ಇತ್ತು. ಅವನು ಹೇಳಿದ್ದನ್ನು ಅವಳು ಯಾವತ್ತೂ ಎರಡನೇ ಸಲ ಕೇಳಿದವಳಲ್ಲ. ಅರ್ಧ ಮಾತು ಸಾಕು, ಉಳಿದರ್ಧ ತನಗೆ ತಿಳಿಯುತ್ತದೆ ಎಂದು ಅವಳ ಲೆಕ್ಕ.

ಎದುರುಮನೆಯಲ್ಲಿದ್ದವರು ಭೀಮಾಬಾಯಿ. ಮಂತ್ರಾಲಯದ ಕಡೆಯ ವೈಷ್ಣವರ ಮನೆತನ. ಗಂಡ ರಾಘಣ್ಣನವರು ತಹಸೀಲಿನಲ್ಲಿ ಗುಮಾಸ್ತರಾಗಿದ್ದು ಈ ಮನೆಯಲ್ಲೇ ಕಣ್ಣು ಮುಚ್ಚಿದರು. ಮಗ ಭಾರ್ಗವ ಮಕ್ತಲಿನ ಒಂದು ಹನುಮಪ್ಪನ ಗುಡಿಯಲ್ಲಿ ಪೂಜೆಗೆ ಇದ್ದಾನೆ. ದಿನಾ ನಸುಕಿನಲ್ಲಿ ಎದ್ದು ಸ್ನಾನ ಮಾಡಿ ಮೊದಲ ಬಸ್ಸು ಹಿಡಿದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆ. ಸೊಸೆ ವೇದಾ ಗಂಡನ ಜೊತೆ ಕೂತು ಬಿಸಿ ಅನ್ನ ಉಂಡದ್ದು ಹಬ್ಬದ ದಿನಗಳಲ್ಲೂ ಅಪರೂಪ, ಯಾಕೆಂದರೆ ಹಬ್ಬದ ದಿನ ಗುಡಿಯಲ್ಲಿ ಕೆಲಸ ಇನ್ನೂ ಜಾಸ್ತಿ.

ಸಂಜೆ ಅಂಗಡಿ ಮುಚ್ಚಿ ಶಿವಬಸಮ್ಮ ಮೇಲೆ ಬಂದರೆ ವರಾಂಡದಲ್ಲಿ ಎರಡು ಚಾಪೆ ಬೀಳುತ್ತಿದ್ದವು. ಭೀಮಾಬಾಯಿ ಹೂಬತ್ತಿ ಹೊಸೆಯುತ್ತಿದ್ದರು, ಶಿವಬಸಮ್ಮ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಒಬ್ಬರ ಮನೆಯ ಅನ್ನ ಇನ್ನೊಬ್ಬರು ಉಂಡವರಲ್ಲ. ನಾರ್ವದಿಂದ ಬಂದ ಶೇಂಗಾ ಆ ಬಾಗಿಲಿಗೆ ಹೋಗುತ್ತಿತ್ತು, ಆ ಬಾಗಿಲಿನಿಂದ ಬಾಳೆಹಣ್ಣೋ ಹೂವೋ ಈ ಬಾಗಿಲಿಗೆ ಬರುತ್ತಿತ್ತು. ಆದರೆ ಮಾತಿಗೆ ಮಾತ್ರ ಮಡಿ ಇರಲಿಲ್ಲ. ಭೀಮಾಬಾಯಿ ವಯಸ್ಸಿನಲ್ಲಿ ದೊಡ್ಡವರು, ನಾಲ್ಕು ಸ್ತೋತ್ರ ಬಲ್ಲವರು, ಆದರೂ ಸಂಸಾರದ ಯಾವ ಮಾತು ಬಂದರೂ ಕೊನೆಗೆ ಕೇಳುತ್ತಿದ್ದದ್ದು ಒಂದೇ: "ನೀ ಏನಂತಿ, ಶಿವಬಸಮ್ಮಾ?" ಕಣ್ಣಿನ ಪೊರೆ ತೆಗೆಸಿಕೊಳ್ಳಿ ಎಂದು ಮಗ ಒಂದು ವರ್ಷ ಗೋಗರೆದ. ಅವರು ಅಲುಗಾಡಲಿಲ್ಲ. ಶಿವಬಸಮ್ಮ ಸೂಜಿಗೆ ದಾರ ಪೋಣಿಸುತ್ತಾ, "ತೆಗಸ್ಕೋರಿ ಅಕ್ಕಾರ, ಏನಾಗಂಗಿಲ್ಲ" ಅಂದಳು. ಮರುವಾರ ಆಪರೇಷನ್ ಆಗಿತ್ತು.

ಇಂಥ ಶಿವಬಸಮ್ಮನಿಗೆ ಒಂದು ಮಧ್ಯಾಹ್ನ ಸಿದ್ದಪ್ಪನ ಫೋನು ಬಂತು. ಅದೇ ಹೊತ್ತಿಗೆ ಪಕ್ಕದ ಅಂಗಡಿಯಲ್ಲಿ ಶ್ರೀನು ಯಾರದೋ ಸ್ಪೀಕರ್ ರಿಪೇರಿ ಮಾಡಿ, ಅದು ಸರಿಯಾಗಿದೆಯೋ ಇಲ್ಲವೋ ಎಂದು ಇಡೀ ರಸ್ತೆಗೆ ಕೇಳಿಸಿ ನೋಡುತ್ತಿದ್ದ. ಶಿವಬಸಮ್ಮ ಒಂದು ಕಿವಿಗೆ ಬೆರಳು ತುರುಕಿ, ಇನ್ನೊಂದಕ್ಕೆ ಫೋನು ಒತ್ತಿ, ಅಂಗಡಿಯ ಒಳಮೂಲೆಗೆ ಹೋಗುವಷ್ಟರಲ್ಲಿ ಸಿದ್ದಪ್ಪನ ಮಾತು ಅರ್ಧ ದಾರಿಗೆ ಬಂದಿತ್ತು.

"…ಪೂರಾ ಹಳೀದಾಗೇತ್ರಿ. ಇನ್ನ ತಡಿಯಂಗಿಲ್ಲ, ಒಡಿಸಿಬಿಡ್ತೀನಿ. ಅಮಾಸಿ ಕಳದ ಮ್ಯಾಲ ಕೆಲಸದವ್ರು ಬರ್ತಾರ. ಅಷ್ಟರಾಗ ಎಲ್ಲಾ ಖಾಲಿ ಮಾಡಿಸಿಡ್ರಿ."

ಏನು ಒಡಿಸುತ್ತೀರಿ ಎಂದು ಶಿವಬಸಮ್ಮ ಕೇಳಬಹುದಿತ್ತು. ಯಾರಾದರೂ ಕೇಳುತ್ತಿದ್ದರು. ಆದರೆ ಇಷ್ಟು ವರ್ಷ ಕೇಳದವಳು ಈಗ ಕೇಳುವುದೆಂದರೆ, ಅದೂ ಇಂಥ ಮಾತಿಗೆ, ತಾನು ಗಾಬರಿಯಾದದ್ದು ಮಾಲಕನಿಗೆ ತಿಳಿದುಹೋಗುತ್ತದೆ.

"ಆತ್ರಿ ಅಣ್ಣಾರ," ಎಂದು ಫೋನು ಇಟ್ಟಳು.

ನಮ್ಮ ಕಡೆ ಖಾಲಿ ಎನ್ನುವ ಮಾತಿಗೆ ಕೆಲಸ ಬಹಳ. ಕನ್ನಡದವನೂ ಖಾಲಿ ಅನ್ನುತ್ತಾನೆ, ತೆಲುಗಿನವನೂ ಖಾಲಿ ಅನ್ನುತ್ತಾನೆ, ಸಾಬರ ಅಂಗಡಿಯಲ್ಲೂ ಅದೇ ಮಾತು. ಗಡಿಗೆ ಖಾಲಿ, ಬಸ್ಸು ಖಾಲಿ, ಕೈ ಖಾಲಿ. ಆದರೆ ಬಾಡಿಗೆಯವರ ಮುಂದೆ ಮಾಲಕ 'ಖಾಲಿ ಮಾಡ್ರಿ' ಅಂದರೆ ಅದಕ್ಕೆ ಒಂದೇ ಅರ್ಥ. ಶಿವಬಸಮ್ಮನೂ ಆ ಒಂದೇ ಅರ್ಥ ಹಿಡಿದಳು.

ಅಂದು ಸಂಜೆಯೊಳಗೆ ಸುದ್ದಿ ಎಲ್ಲರಿಗೂ ಮುಟ್ಟಿತು. ಮೆಡಿಕಲ್ ಶಾಪಿನವನು "ನೋಡೋಣ್ರಿ" ಎಂದು ಗುಳಿಗೆ ಎಣಿಸುತ್ತಾ ಕೂತ. ಕಾಲೇಜು ಹುಡುಗರು ತಲೆ ಅಲ್ಲಾಡಿಸಿ ಬಾಗಿಲು ಹಾಕಿಕೊಂಡರು. ಶ್ರೀನು ಮಾತ್ರ, "ಅಕ್ಕಾ, ಓನರುನಿ ಒಕಸಾರಿ ನೇನು ಅಡಗನಾ?" ಅಂದ, ಮಾಲಕನನ್ನು ತಾನೇ ಒಮ್ಮೆ ಕೇಳುತ್ತೇನೆ ಎಂದು.

"ನಾ ಹೇಳಿದ ಮ್ಯಾಲ ಅವ್ರನ್ನ ಏನ ಕೇಳ್ತಿ?" ಎಂದು ಶಿವಬಸಮ್ಮ ಅವನ ಬಾಯಿ ಮುಚ್ಚಿಸಿದಳು. ಶ್ರೀನು ಬಾಯಿ ಮುಚ್ಚಿದ, ಆದರೆ ಅಂಗಡಿಯ ಒಂದು ಸ್ಕ್ರೂ ಕೂಡ ಕದಲಿಸಲಿಲ್ಲ. ಕೆಲಸದವರು ಬಂದ ದಿನ ನೋಡಿಕೊಂಡರಾಯಿತು ಎಂದು ಎಲ್ಲರಂತೆ ಅವನೂ ಸುಮ್ಮನಾದ.

ಭೀಮಾಬಾಯಿಗೆ ಹೇಳುವುದು ಕಷ್ಟವಾಯಿತು. ವರಾಂಡದಲ್ಲಿ ಚಾಪೆ ಬಿದ್ದಿತ್ತು, ಹತ್ತಿಯ ತಟ್ಟೆ ಬಂದಿತ್ತು. ಶಿವಬಸಮ್ಮ ಕುಚ್ಚಿನ ಸೀರೆಯ ಮಡಿಕೆ ಬಿಚ್ಚದೆ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು. ಭೀಮಾಬಾಯಿ ಯಾಕೆ ಎಂದು ಕೇಳಲಿಲ್ಲ, ನಿಜವೇ ಎಂದೂ ಕೇಳಲಿಲ್ಲ. ಕೈಯಲ್ಲಿದ್ದ ಬತ್ತಿಯನ್ನು ಮುಗಿಸಿ ತಟ್ಟೆಯಲ್ಲಿಟ್ಟರು.

"ನೀ ಎಲ್ಲಿಗೆ ಹೋಗ್ತಿ?"

"ನಾರಾಯಣಪೇಟಕ್ಕ, ಮಗಳ ಕಡಿ. ಮತ್ತೆಲ್ಲಿಗಿ ಹೋಗ್ಲಿ ಅಕ್ಕಾರ."

"ಹಂಗಾದ್ರ ನಾವೂ ಮಕ್ತಲಕ್ಕ ಹೋಗ್ತೀವಿ. ಭಾರ್ಗವಗೂ ಅನುಕೂಲ ಆಗ್ತದ."

ಬಾಗಿಲ ಹಿಂದೆ ನಿಂತಿದ್ದ ವೇದಾಳ ಕೈಯಿಂದ ಸೌಟು ಜಾರಿ ಬಿತ್ತು. ಅದು ಗಾಬರಿಯಿಂದ ಬಿದ್ದದ್ದು ಎಂದು ಶಿವಬಸಮ್ಮ ಅಂದುಕೊಂಡಳು. ಅವಳಿಗೆ ಆ ಹೊತ್ತಿನಲ್ಲಿ ತನ್ನ ದುಃಖ ಬಿಟ್ಟು ಬೇರೆಯವರ ಮನಸ್ಸು ಓದುವ ತಾಳ್ಮೆ ಇರಲಿಲ್ಲ.

ಮಕ್ತಲಿನಲ್ಲಿ ಗುಡಿಯ ಹಿಂದಿನ ಓಣಿಯಲ್ಲೇ ಮನೆ ಸಿಕ್ಕಿತು. ಒಳ್ಳೆಯ ದಿನ ನೋಡಿ ಟೆಂಪೋ ಬಂತು. ದೇವರ ಪೆಟ್ಟಿಗೆಯನ್ನು ಭೀಮಾಬಾಯಿ ಯಾರ ಕೈಗೂ ಕೊಡದೆ ತಾವೇ ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಭಾರ್ಗವ ಕೀಲಿಕೈಯನ್ನು ಶಿವಬಸಮ್ಮನ ಕೈಗೆ ಕೊಟ್ಟ. ಸಿದ್ದಪ್ಪನಿಗೆ ಬೇರೆ ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ, ಇವಳಿಗೆ ಹೇಳಿದರೆ ಅವನಿಗೆ ಹೇಳಿದಂತೆಯೇ. ಟೆಂಪೋ ಹೊರಡುವಾಗ ಶಿವಬಸಮ್ಮ ಅಳಲಿಲ್ಲ. ಡ್ರೈವರನಿಗೆ ಜುರಾಲಾ ಅಣೆಕಟ್ಟೆಯ ಮೇಲೆ ನಿಧಾನ ಹೋಗು ಎಂದು ಜೋರು ಮಾಡಿ ಕಳಿಸಿದಳು. ಮೇಲೆ ಬಂದು, ಎದುರಿನ ಬೀಗ ನೋಡಿ, ಅಡಿಗೆ ಮಾಡದೆ ಮಲಗಿದಳು.

ತಾನು ಎಲ್ಲರ ಕೊನೆಗೆ ಹೋಗಬೇಕು ಎಂದು ಅವಳು ನಿರ್ಧರಿಸಿದ್ದಳು. ಎಲ್ಲರನ್ನೂ ಎಬ್ಬಿಸಿ ತಾನು ಮೊದಲು ಹೋದರೆ ಹೇಗೆ? ಪಾತ್ರೆ ಗಂಟು ಕಟ್ಟಿದಳು, ಹೊಲಿಗೆ ಮಷಿನ್ನಿಗೆ ಹಳೆಯ ಚಾದರ ಸುತ್ತಿದಳು. ಸಂಜೆ ಅಭ್ಯಾಸಬಲದಿಂದ ಚಾಪೆ ಹಾಸುತ್ತಿದ್ದಳು, ಸ್ವಲ್ಪ ಹೊತ್ತು ಕೂತು ಮತ್ತೆ ಸುತ್ತಿಡುತ್ತಿದ್ದಳು. ಗಂಡ ಹೋದಾಗ ಮನೆ ತುಂಬ ಜನ ಇದ್ದರು, ಭೀಮಾಬಾಯಿ ಇದ್ದರು. ಈಗಿನ ಈ ಸಂಕಟ ಅವಳಿಗೆ ಹೊಸದು, ಇದನ್ನು ಹೇಳಿಕೊಳ್ಳಬೇಕಾದವರೇ ಹೋಗಿಬಿಟ್ಟಿದ್ದರು.

ಅಮಾವಾಸ್ಯೆ ಕಳೆಯಿತು. ಬೆಳಿಗ್ಗೆ ಒಂದು ಆಟೋ ಟ್ರಾಲಿ ಬಂದು ಗೇಟಿನ ಮುಂದೆ ನಿಂತಿತು. ಅದರಲ್ಲಿ ಎರಡು ದೊಡ್ಡ ಕರಿಯ ಪ್ಲಾಸ್ಟಿಕ್ ಟಾಕಿ, ಒಂದಿಷ್ಟು ಪೈಪು, ಸುತ್ತಿಗೆ, ಇಬ್ಬರು ಕೆಲಸದವರು. ಶಿವಬಸಮ್ಮ ಮನಸ್ಸು ಗಟ್ಟಿ ಮಾಡಿಕೊಂಡು ಮೆಟ್ಟಿಲ ಬಳಿ ನಿಂತಳು. ಅವರು ಅವಳನ್ನು ದಾಟಿ, ಯಾವ ಮನೆಯ ಕಡೆಗೂ ನೋಡದೆ, ನೇರವಾಗಿ ತಾರಸಿಗೆ ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿಂದ ಒಬ್ಬ ಬಗ್ಗಿ ಕೂಗಿದ.

"ಅಮ್ಮಾ, ಟಾಕೀಲ ನೀಳ್ಳು ಖಾಳೀ ಚೇಯಲೇದಾ?"

ಟಾಕಿಯ ನೀರು ಖಾಲಿ ಮಾಡಿಸಿಲ್ಲವೇ ಎಂದು. ಶಿವಬಸಮ್ಮನಿಗೆ ತೆಲುಗು ಕನ್ನಡದಷ್ಟೇ ಬರುತ್ತದೆ. ಆದರೂ ಆ ಮಾತು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸಿದ್ದಪ್ಪನಿಗೆ ಫೋನು ಹಚ್ಚಿದಳು. ಜೀವನದಲ್ಲಿ ಮೊದಲ ಸಲ ಎರಡನೇ ಸಲ ಕೇಳಿದಳು.

"ತಾರಸಿ ಮ್ಯಾಲಿನ ಸಿಮೆಂಟ್ ಟಾಕಿ ಸೀಳೇತಿ, ಒಡಿಸಿ ಪ್ಲಾಸ್ಟಿಕಿನವು ಕೂಡಿಸ್ತೀನಿ ಅಂತ ಅವತ್ತೇ ಹೇಳಿದ್ನೆಲ್ರಿ," ಎಂದ ಸಿದ್ದಪ್ಪ. "ಯಾಕ, ನೀರು ಖಾಲಿ ಮಾಡಿಸಿಲ್ಲೇನು?"

"ಈಗ ಮಾಡಿಸ್ತೀನ್ರಿ," ಅಂದಳು ಶಿವಬಸಮ್ಮ.

ಟಾಕಿಯ ನೀರು ಮೋರಿಯ ಪೈಪಿನಿಂದ ದಬದಬ ಬಿದ್ದು ರಸ್ತೆಗೆ ಹರಿಯಿತು. ಮೆಡಿಕಲ್ ಶಾಪಿನವನು ಚಪ್ಪಲಿ ಎತ್ತಿಟ್ಟ. ಕಾಲೇಜು ಹುಡುಗರು ಬಕೀಟು ಹಿಡಿದು ಓಡಾಡಿದರು. ಶ್ರೀನು ಪ್ಯಾಂಟು ಮಡಚಿಕೊಂಡು ನಿಂತು ಎಲ್ಲವನ್ನೂ ಅರ್ಥ ಮಾಡಿಕೊಂಡ. ನಗುವನ್ನು ತಡೆಯಲಾರದೆ ಅವಳ ಕಡೆ ತಿರುಗಿ, ಅವಳ ಮುಖ ನೋಡಿ, ನಗದೆ ಒಳಗೆ ಹೋದ. ಅವಳು ಒಂದು ಮಾತು ಬೈದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಶಿವಬಸಮ್ಮ ನೀರಿನಲ್ಲೇ ನಿಂತಿದ್ದಳು. ಎಲ್ಲರೂ ತನ್ನ ಮಾತು ಕೇಳುತ್ತಾರೆ ಎಂದು ಮೆರೆದಳಲ್ಲ, ಕೇಳಿದವರು ಒಬ್ಬರೇ. ಆ ಒಬ್ಬರನ್ನೇ ತನ್ನ ಬಾಯಿಂದಲೇ ಎಬ್ಬಿಸಿ ಕಳಿಸಿದೆ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಶಟರ್ ಎತ್ತಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಇದು ಎಂದು ಮಕ್ತಲಿನ ಬಸ್ಸು ಹತ್ತಿದಳು. ಕಂಡಕ್ಟರಿಗೆ ಆಧಾರ್ ತೋರಿಸಿ ಹೆಂಗಸರ ಪುಕ್ಕಟೆ ಸೊನ್ನೆ ಟಿಕೇಟು ತೆಗೆದುಕೊಂಡು ಕಿಟಕಿಯ ಪಕ್ಕ ಕೂತಳು. ಧರೂರು ದಾಟಿ, ಕಾಲುವೆ ನೀರಿನ ಭತ್ತದ ಗದ್ದೆಗಳನ್ನು ದಾಟಿ ಬಸ್ಸು ಜುರಾಲಾ ಕಟ್ಟೆಯ ಮೇಲೆ ಬಂದಾಗಲೂ ಅವಳು ಹೊರಗೆ ನೋಡಲಿಲ್ಲ. ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದಳು. ತಪ್ಪಾಗಿದೆ ಎನ್ನಬೇಕು, ಕೀಲಿಕೈ ಮುಂದೆ ಹಿಡಿಯಬೇಕು, ಇವತ್ತೇ ಟೆಂಪೋ ಕರೆಸಬೇಕು. ಅವರು ಬೈದರೆ ಬೈಸಿಕೊಳ್ಳುವುದು. ಒಟ್ಟಿನಲ್ಲಿ ಭೀಮಾಬಾಯಿ ತಿರುಗಿ ಬರಬೇಕು, ಸಂಜೆಗೆ ವರಾಂಡದಲ್ಲಿ ಎರಡು ಚಾಪೆ ಬೀಳಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ, ಇದರ ಮುಂದೆ ಮಾನ ಮರ್ಯಾದೆ ಏನೂ ಕಾಣಿಸಲಿಲ್ಲ.

ಗುಡಿಯ ಹಿಂದಿನ ಓಣಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನೆಲದ ಮೇಲಿನ ಮನೆ, ಹತ್ತುವ ಮೆಟ್ಟಿಲಿಲ್ಲ, ಬಾಗಿಲ ಮುಂದೆಯೇ ನಳ. ಮುಂಗಟ್ಟೆಯ ಮೇಲೆ ಭೀಮಾಬಾಯಿ ಕೂತಿದ್ದರು. ಇವಳನ್ನು ನೋಡಿ ಅವರ ಮುಖ ಅರಳಿದ ರೀತಿಗೆ ಶಿವಬಸಮ್ಮನಿಗೆ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. ಚಪ್ಪಲಿ ಬಿಡುವ ಮೊದಲೇ ಟಾಕಿಯ ಕಥೆ ಪೂರ್ತಿ ಹೇಳಿಬಿಟ್ಟಳು.

ಭೀಮಾಬಾಯಿ ಕೇಳಿದರು. ಆಮೇಲೆ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕು ಸೆರಗಿನಿಂದ ಒರೆಸಿಕೊಂಡರು.

"ನಗಬ್ಯಾಡ್ರಿ ಅಕ್ಕಾರ. ಅವತ್ತು ನೀವರ ಒಂದ ಮಾತು ಕೇಳಬಾರದಿತ್ತೇನು, ಖರೇನ ಅಂತ?"

"ಸಿದ್ದಪ್ಪ ಬಂದು ಹೇಳಿದ್ರ ಕೇಳ್ತಿದ್ದೆ," ಎಂದರು ಭೀಮಾಬಾಯಿ. "ಜಗಳಾನೂ ಆಡ್ತಿದ್ದೆ. ನಮ್ಮವರು ಕಣ್ಣು ಮುಚ್ಚಿದ ಮನಿ ಅದು, ಸುಮ್ಮನ ಬಿಡ್ತಿದ್ದೆನೇನು? ಆದ್ರ ನೀ ಹೇಳ್ದಿ. ನೀ ಹೇಳಿದ್ದಕ್ಕ ನಾ ಯಾವತ್ತು ಖರೇನ ಅಂತ ಕೇಳೀನಿ?"

ಆ ಹೊತ್ತಿಗೆ ಒಳಗಿನಿಂದ ಭಾರ್ಗವ ಬಂದ. ಊಟ ಮಾಡಿ ಕೈ ಒರೆಸಿಕೊಳ್ಳುತ್ತಿದ್ದ. ಮಟಮಟ ಮಧ್ಯಾಹ್ನ ಅವನು ಮನೆಯಲ್ಲಿರುವುದನ್ನು ಶಿವಬಸಮ್ಮ ನೋಡಿದ್ದು ಅದೇ ಮೊದಲು. "ಯಾವಾಗ ಬಂದ್ರಿ, ಸಾವಕಾಶ ಹೋಗ್ರಿ," ಎಂದು ಗುಡಿಯ ಕಡೆ ನಡೆದ. ಅವನ ಹಿಂದೆಯೇ ವೇದಾ ನೀರಿನ ತಂಬಿಗೆ ಹಿಡಿದುಕೊಂಡು ಬಂದಳು. ಹಣೆಯ ಮೇಲೆ ಬೆವರು, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೆನ್ನೆ ಸ್ವಲ್ಪ ತುಂಬಿದ ಹಾಗಿತ್ತು.

ತಂಬಿಗೆ ಕೊಡುವ ನೆಪದಲ್ಲಿ ಬಗ್ಗಿ, ಅತ್ತೆಗೆ ಕೇಳಿಸದಂತೆ ವೇದಾ ಅಂದಳು: "ಮೌಶಿ, ನಿಮ್ಮ ಪುಣ್ಯ. ನಾ ಮದುವಿ ಆಗಿ ಬಂದಾಗಿಂದ ಕೇಳ್ಕೋತ ಬಂದೀನಿ, ಮಕ್ತಲಕ್ಕ ಹೋಗೋಣ ಅಂತ. ಅತ್ತಿ ಒಂದಿನಾನೂ ಹ್ಞೂಂ ಅಂದಿದ್ದಿಲ್ಲ. ನೀವು ಹೇಳಿದ್ರಿ, ಆತು."

ಅವಳಿಗೆ ಟಾಕಿಯ ಕಥೆ ಇನ್ನೂ ಗೊತ್ತಿರಲಿಲ್ಲ. ಶಿವಬಸಮ್ಮ ತಂಬಿಗೆ ಹಿಡಿದು ಹಾಗೇ ಕೂತಳು.

ಭೀಮಾಬಾಯಿ ಸೊಸೆಯ ಕಡೆ ನೋಡದೆ, ನಗು ಆರಿದ ಮುಖದಲ್ಲಿ ಮೆಲ್ಲಗೆ ಕೇಳಿದರು: "ದೇವರನ್ನ ಕೂಡಿಸೀನಿ, ಹಾಲು ಉಕ್ಕಿಸೀನಿ. ಇರ್ಲಿ, ತಿರುಗಿ ಎಬ್ಬಿಸಬೇಕಂದ್ರ ಅದಕ್ಕೂ ಏನರ ಶಾಂತಿ ಇರ್ತದ. ನಂಗಂತೂ ಇಲ್ಲಿ ಸಂಜಿ ಆದ್ರ ಸಾಕು, ಜೀವ ಅಲ್ಲೇ ಹೋಗ್ತದ. ಈಗ ನೀ ಏನಂತಿ? ಬಾ ಅಂದ್ರ ಇವತ್ತ ಬರ್ತೀನಿ."

ಬಾಗಿಲಲ್ಲಿ ವೇದಾ ನಿಂತುಬಿಟ್ಟಳು. ಅವಳಿಗೆ ಏನೂ ತಿಳಿದಿರಲಿಲ್ಲ, ಆದರೆ ಎಲ್ಲವೂ ಈಗ ಬರುವ ಒಂದು ಮಾತಿನ ಮೇಲೆ ನಿಂತಿದೆ ಎಂಬುದು ತಿಳಿದಿತ್ತು. ಅವಳು ಶಿವಬಸಮ್ಮನನ್ನೇ ನೋಡಿದಳು. ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತ್ತು.

ಬಾ ಎನ್ನುವುದು ಎಷ್ಟು ಸಣ್ಣ ಮಾತು. ಶಿವಬಸಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಕೀಲಿಕೈ ಸೊಂಟದಲ್ಲಿತ್ತು. ಅದಕ್ಕಾಗಿಯೇ ಬಂದಿದ್ದಳು, ಅದನ್ನು ಬಿಟ್ಟು ಅವಳಿಗೆ ಈ ಲೋಕದಲ್ಲಿ ಇನ್ನೇನೂ ಬೇಕಿರಲಿಲ್ಲ. ತಂಬಿಗೆಯ ನೀರನ್ನು ಒಂದೇ ಉಸಿರಿಗೆ ಕುಡಿದಳು.

"ಬ್ಯಾಡ್ರಿ ಅಕ್ಕಾರ. ನೀವು ಇಲ್ಲೇ ಇರ್ರಿ. ಮನಿ ಚಲೋ ಐತಿ, ಭಾರ್ಗವ ಹೊತ್ತಿಗಿ ಉಣ್ತಾನ. ಇಲ್ಲೇ ಇರ್ರಿ."

ಬಿಲ್ಡಿಂಗಿನಲ್ಲಿ ಬೈಕು ತೆಗೆಸುವಾಗ ಹೇಗೆ ಹೇಳುತ್ತಿದ್ದಳೋ ಹಾಗೆಯೇ ಗಟ್ಟಿಯಾಗಿ ಹೇಳಿದಳು. ಕೊನೆಯ ಮಾತು ಮಾತ್ರ ಸ್ವಲ್ಪ ಒಡೆಯಿತು. ವೇದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಭೀಮಾಬಾಯಿ ಶಿವಬಸಮ್ಮನ ಮುಖವನ್ನು ನೋಡಿದರು. ಪೊರೆ ತೆಗೆಸಿದ ಕಣ್ಣು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ವರ್ಷಗಳಲ್ಲಿ ಇವಳು ತಮ್ಮ ಮುಂದೆ ಆಡಿದ ಮೊದಲ ಸುಳ್ಳು ಇದು ಎಂದು ಅವರಿಗೆ ತಿಳಿಯಿತು. ಕೈ ಚಾಚಿ ಅವಳ ಮೊಣಕಾಲಿನ ಮೇಲೆ ಇಟ್ಟರು.

"ಆತು," ಅಂದರು. "ನೀ ಹೇಳ್ದಿ ಅಂದ್ರ ಇರ್ತೀನಿ."